ಊರು ಬಲಕ್ಕಿರಬೇಕು

ಹೋದ ವಾರ ಬೂಟಿನ ಹಿಮ್ಮಡಿ ಸರಿಮಾಡಿಸಲು ಮೋಚಿಯ ಅಂಗಡಿಗೆ ಹೋಗಿದ್ದೆ. ನಾನಿರುವ ಆಮರ್ಸ್‌ಫೋರ್ಟ್ ಎಂಬ ಡಚ್ ಊರಿನಲ್ಲಿ ಮೋಚಿಯೆಂದರೆ ಬಿಳಿಗಡ್ಡದ, ಕನ್ನಡಕವನ್ನು ಹಣೆಗೇರಿಸಿಕೊಂಡ, ಬೀಗದ ಕೈ ನಕಲು ಮಾಡಿಕೊಡುವ ಕೆಲಸವನ್ನೂ ಜೊತೆಗಿಟ್ಟುಕೊಂಡ ಒಬ್ಬ ಗಂಭೀರ ಮನುಷ್ಯ. ಎರಡೂ ಬೂಟುಗಳನ್ನು ಮೇಜಿನ ಮೇಲೆ ಬೋರಲು ಹಾಕಿ, ವೈದ್ಯರು ಎಕ್ಸ್‌ರೇ ನೋಡುವ ಹಾಗೆ ನೋಡಿದ. ಎಡಗಾಲಿನ ಹಿಮ್ಮಡಿ ಹೊರಗಡೆಯಿಂದ ಕೊಡಲಿಯಲ್ಲಿ ಕೆತ್ತಿದಂತೆ ಸವೆದಿತ್ತು. ಬಲಗಾಲಿನದು ಅಷ್ಟೇನೂ ಕೆಟ್ಟಿರಲಿಲ್ಲ.

"ಮೇಡಂ, ನೀವು ಯಾವಾಗಲೂ ಬಲಕ್ಕೇ ತಿರುಗುತ್ತೀರೇನು?" ಎಂದು ಅವನ ಭಾಷೆಯಲ್ಲಿ ಕೇಳಿದ.

"ಹೌದು" ಎಂದೆ.

ಅವನು ನಕ್ಕ. ಒಳಗೆ ಕೆಲಸ ಮಾಡುತ್ತಿದ್ದ ಹೆಂಡತಿಯನ್ನು ಕರೆದು ಅವಳಿಗೂ ಹೇಳಿ ನಗಿಸಿದ. ಹನ್ನೊಂದು ವರ್ಷದಲ್ಲಿ ನಾನು ಡಚ್ ಭಾಷೆಯಲ್ಲಿ ಮಾಡಿದ ಮೊದಲ ತಮಾಷೆ ಅದು, ಅದೂ ತಮಾಷೆಯಾಗಿರಲಿಲ್ಲ. ನಿಜ ಹೇಳಿದ್ದೆ. ಆದರೆ ಅವನಿಗೆ ವಿವರಿಸಲು ನನ್ನ ಡಚ್ ಸಾಲದು; ತೆರಿಗೆಯವರ ಕಾಗದ ಓದಲು, ಬ್ರೆಡ್ಡಿನ ಅಂಗಡಿಯಲ್ಲಿ ತೆಳ್ಳಗೆ ಕೊಯ್ದುಕೊಡಿ ಎನ್ನಲು ಮಾತ್ರ ಅದು ಸಾಕು. ನಿಮಗಾದರೆ ಹೇಳಬಹುದು. ನೀವು ನಕ್ಕರೂ ನನಗೆ ಇಲ್ಲಿಗೆ ಕೇಳಿಸುವುದಿಲ್ಲ.

ನನ್ನನ್ನು ಸಾಕಿದವರು ಅಜ್ಜಿ. ಅಪ್ಪನಿಗೆ ಎರಡು ವರ್ಷಕ್ಕೊಮ್ಮೆ ವರ್ಗವಾಗುತ್ತಿತ್ತು. ಹೋದಲ್ಲೆಲ್ಲ ಮಗುವಿನ ಓದು ಕೆಡುತ್ತದೆಂದು ಮೈಸೂರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಆ ಮನೆಯಲ್ಲಿ ಅಜ್ಜಿ, ಅಜ್ಜಿಯ ಇಬ್ಬರು ತಂಗಿಯರು ಮತ್ತು ನಾನು. ನನ್ನ ವಯಸ್ಸಿಗೆ ಎಲ್ಲರಿಗಿಂತ ಹತ್ತಿರವಾಗಿದ್ದವರು ಅಜ್ಜಿಯ ಕಿರಿಯ ತಂಗಿ, ಅವರಿಗೆ ಐವತ್ತೆಂಟು. ಹಾಗಾಗಿ ನಾನು ಕಲಿತ ಕನ್ನಡಕ್ಕೆ ಹುಟ್ಟುವಾಗಲೇ ಮಂಡಿನೋವಿತ್ತು. ಶಾಲೆಯಲ್ಲಿ ಮಕ್ಕಳು "ಟೀಚರ್, ಹೊಟ್ಟೆನೋವು" ಎಂದರೆ ನಾನು "ಮೇಷ್ಟ್ರೇ, ಹೊಟ್ಟೆಯಲ್ಲಿ ಏನೋ ತಳಮಳ" ಎನ್ನುತ್ತಿದ್ದೆ. ಮೇಷ್ಟ್ರಿಗೆ ಗಾಬರಿಯಾಗಿ ತಕ್ಷಣ ಮನೆಗೆ ಕಳಿಸುತ್ತಿದ್ದರು. ಲಾಭವೂ ಇತ್ತೆನ್ನಿ.

ಶನಿವಾರ ಬೆಳಿಗ್ಗೆ ಅಜ್ಜಿ ಅಶ್ವತ್ಥಕಟ್ಟೆ ಸುತ್ತುವರು. ಸೆರಗಿನ ಗಂಟಿನಲ್ಲಿ ಎಣಿಸಿ ಕಟ್ಟಿಕೊಂಡ ಹುಣಸೆಬೀಜಗಳು. ಒಂದು ಸುತ್ತಿಗೆ ಒಂದು ಬೀಜ ಕಟ್ಟೆಯ ಮೇಲೆ. ಹಿಂದಿನಿಂದ ನಾನು. ಒಂದು ಸಲ, ಆರೋ ಏಳೋ ವಯಸ್ಸಿರಬೇಕು, ಅಜ್ಜಿಯ ಬೆನ್ನನ್ನೇ ನೋಡಿ ನೋಡಿ ಬೇಸರವಾಯಿತು. ನಡುವೆ ಹಿಂದಕ್ಕೆ ತಿರುಗಿ, ಇನ್ನೊಂದು ಕಡೆಯಿಂದ ಓಡಿಹೋಗಿ, ಎದುರಿಗೆ ನಿಂತು "ಬೌ" ಎಂದೆ. ಅಜ್ಜಿ ಹೊಡೆಯಲಿಲ್ಲ. ಗಂಟಿನಲ್ಲಿ ಉಳಿದ ಬೀಜಗಳನ್ನು ನೋಡಿಕೊಂಡು ಬಹಳ ದಣಿದ ಧ್ವನಿಯಲ್ಲಿ, "ಸುತ್ತಿದ್ದೆಲ್ಲ ಬಿಚ್ಚಿಹೋಯ್ತಲ್ಲೇ ಮಗು" ಎಂದರು. ಮತ್ತೆ ಒಂದರಿಂದ ಶುರುಮಾಡಿದರು. ಅವತ್ತು ಅವರ ಕಾಲು ಊದಿಕೊಂಡಿತ್ತೆಂಬುದು ರಾತ್ರಿ ಚಿಕ್ಕಜ್ಜಿ ಎಣ್ಣೆ ತಿಕ್ಕುವಾಗ ನನಗೆ ಗೊತ್ತಾಯಿತು.

ಅಂದಿನಿಂದ ನನಗೆ ಯಾವುದನ್ನೂ ಎಡದಿಂದ ಸುತ್ತಲಾಗುವುದಿಲ್ಲ. ದೇವರ ಮಾತು ಬಿಡಿ, ಆಫೀಸಿನ ಕಂಬವನ್ನು ಕೂಡ. ಈ ದೇಶದಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುವುದರಿಂದ ಪ್ರತಿಯೊಂದು ವೃತ್ತವನ್ನೂ ಅಪ್ರದಕ್ಷಿಣೆಯಾಗಿಯೇ ಸುತ್ತಬೇಕು. ನಾನು ಇಲ್ಲಿ ಕಾರು ಕಲಿಯದಿರಲು ಹೇಳಿಕೊಳ್ಳುವ ಕಾರಣ ಅದೇ. ನಿಜವಾದ ಕಾರಣ ಹೆದರಿಕೆ.

ನಡೆದು ಸುತ್ತುವವರಿಗೆ ಮಾತ್ರ ಇಲ್ಲಿನ ಹಳೆಯ ಊರುಗಳು ಹೇಳಿ ಮಾಡಿಸಿದಂತಿವೆ. ಊರಿನ ನಡುವಿಗೆ ಒಡ್ಯಾಣ ತೊಡಿಸಿದ ಹಾಗೆ ಸುತ್ತಲೂ ಕಾಲುವೆ, ಅದರ ದಡದಲ್ಲಿ ದಾರಿ. ಹೊರಟಲ್ಲಿಂದ ಊರನ್ನು ಬಲಗೈಗೆ ಹಾಕಿಕೊಂಡು ನಡೆಯುತ್ತಾ ಹೋದರೆ ಸೇತುವೆಗಳೆಲ್ಲ ಮುಗಿದು ಹೊರಟಲ್ಲಿಗೇ ಬಂದಿರುತ್ತೀರಿ. ಒಬ್ಬಳೇ ಎಷ್ಟೋ ಊರು ಹೀಗೆ ಸುತ್ತಿದ್ದೇನೆ. ಒಬ್ಬಳೇ ಸುತ್ತುವುದರಲ್ಲಿ ಒಂದು ಕೆಟ್ಟ ಚಟ ಅಂಟುತ್ತದೆ. ಇಲ್ಲಿನವರು ಬೀದಿಕಡೆಯ ಕಿಟಕಿಗೆ ಪರದೆ ಎಳೆಯುವುದಿಲ್ಲ. ದಾರಿಯಲ್ಲಿ ಹೋಗುವವರಿಗೆ ಒಳಗಿನ ಸೋಫಾ, ದೀಪ, ಈರುಳ್ಳಿ ಹೆಚ್ಚುತ್ತಿರುವ ಗಂಡಸು, ಹೋಂವರ್ಕ್ ಮಾಡುತ್ತಾ ಕಾಲಾಡಿಸುವ ಹುಡುಗಿ ಎಲ್ಲ ಕಾಣುತ್ತದೆ. ಇನ್ನೊಬ್ಬರ ಮನೆಯೊಳಗೆ ಇಣುಕಬಾರದೆಂದು ಹೇಳಿಸಿಕೊಂಡು ಬೆಳೆದ ನಾನು ನಿಧಾನವಾಗಿ ನಡೆಯುತ್ತೇನೆ. ಯಾರ ಮನೆಯಲ್ಲಿ ಇವತ್ತು ಯಾರು ಬಂದಿದ್ದಾರೆ ಎಂಬುದು ನನಗೆ ಗೊತ್ತಿರುತ್ತದೆ. ಜೊತೆಯಲ್ಲಿ ಯಾರಾದರೂ ಇದ್ದರೆ ಕಿಟಕಿಗಳ ಕಡೆ ನೋಡಿದ ನೆನಪೇ ಇಲ್ಲ.

ಜೊತೆಯಾದವಳು ವೀಣಾ. ಇಲ್ಲಿನ ಕನ್ನಡದವರೆಲ್ಲ ಒಂದು ಶಾಲೆಯ ಹಾಲ್ ಹಿಡಿದು ಯುಗಾದಿ ಮಾಡಿದ್ದರು. ಒಳಗೆ ಮನೆ ಕೊಳ್ಳುವ ಸಾಲದ ಬಡ್ಡಿಯ ಮಾತು ನಡೆದಿತ್ತು. ನಾನು ಹೊರಗೆ ಬಂದರೆ ಚಪ್ಪಲಿ ಬೂಟುಗಳ ರಾಶಿಯ ಪಕ್ಕದಲ್ಲಿ ಒಬ್ಬ ಹುಡುಗಿ ಬರಿಯ ಕಾಲುಚೀಲದಲ್ಲಿ ಕೂತಿದ್ದಾಳೆ.

"ನನ್ನ ಬೂಟ್ ಯಾರೋ ಹಾಕ್ಕೊಂಡು ಹೋಗ್ಯಾರ್ರಿ ಅಕ್ಕಾರ" ಎಂದಳು. "ತಮ್ಮ ಬೂಟ್ ಬಿಟ್ಟು ಹೋಗ್ಯಾರ. ಅದು ನನಗ ಎರಡು ಸೈಜ್ ದೊಡ್ಡದದ."

ಧಾರವಾಡದವಳು. ತಪ್ಪು ಬೂಟು ಹಾಕಿಕೊಂಡವರು ಮನೆ ಮುಟ್ಟಿ, ಕಾಲು ನೊಂದು, ವಾಪಸ್ಸು ಬರುವವರೆಗೆ ನಾನು ಅವಳ ಜೊತೆ ಕೂತೆ. ಒಂದು ಗಂಟೆಯಲ್ಲಿ ಮೂವರು ಅಜ್ಜಿಯರ ಕಥೆ ಮುಗಿಸಿದ್ದೆ. ಹೊರಡುವಾಗ ಅವಳು, "ನಿಮ್ಮ ಕನ್ನಡ ಭಾಳ ಛಲೋ ಅದ. ಪೆಟ್ಟಿಗಿಯೊಳಗ ಇಟ್ಟು ಮರತ ಸೀರಿ ತಗದಂಗ ಆಗ್ತದ" ಎಂದಳು. ಅದು ಹೊಗಳಿಕೆಯೋ, ನುಸಿಗುಳಿಗೆಯ ವಾಸನೆ ಬರುತ್ತದೆ ಎಂದಳೋ ತಿಳಿಯದೆ ನಾನು ಅವಳನ್ನು ಶನಿವಾರ ಲೈಡನ್ ಸುತ್ತಲು ಕರೆದೆ.

ಅವಳ ಹಿಂದೆ ಅವಳ ಗಂಡ ಚಂದ್ರು ಬಂದ. ಬೆಂಗಳೂರಿನವನು, ಫೋನಿನಲ್ಲಿ ನಕ್ಷೆ ತೆರೆಯದೆ ಅಡುಗೆಮನೆಗೂ ಹೋಗದವನು. ಇಬ್ಬರೂ ರೈಸ್‌ವೈಕಿನಲ್ಲಿದ್ದರು. ಚಂದ್ರುವಿನ ಮೂಲಕ ನಿಖಿಲ್ ಬಂದ. ಪುತ್ತೂರಿನ ಹುಡುಗ, ಮಾಸ್ಟ್ರಿಕ್ಟಿನಲ್ಲಿ ಓದುತ್ತಿದ್ದ, ಎರಡೂವರೆ ಗಂಟೆ ರೈಲಿನಲ್ಲಿ ಕೂತು ಬರುತ್ತಿದ್ದ. ಹೀಗೆ ತಿಂಗಳಿಗೊಂದು ಶನಿವಾರ, ಒಂದು ಊರು, ನಾಲ್ಕು ಜನ.

ಡೆಲ್ಫ್ಟಿನಲ್ಲಿ ಮಧ್ಯಾಹ್ನ ಊಟದ ಜಾಗ ಹುಡುಕುವಾಗ ಮೊದಲ ಜಗಳವಾಯಿತು.

"ಅಕ್ಕ, ಲೆಫ್ಟ್ ತಗೊಂಡ್ರೆ ಮೂರೇ ನಿಮಿಷ" ಎಂದ ಚಂದ್ರು ಫೋನ್ ತೋರಿಸುತ್ತ. "ನೀವು ಹೇಳೋ ಹಾಗೆ ಸುತ್ತಿಕೊಂಡು ಹೋದ್ರೆ ಇಪ್ಪತ್ತೆರಡು."

"ಇಪ್ಪತ್ತೆರಡೇ ಆಗ್ಲಿ. ಹೊರಟಿದ್ದನ್ನ ಅರ್ಧಕ್ಕೆ ಬಿಟ್ಟು ಹಿಂದಕ್ಕೆ ತಿರುಗಬಾರದು."

"ಹಸಿವಾಗ್ತದೆ ಮಾರಾಯ್ರೆ" ಎಂದ ನಿಖಿಲ್. "ಈ ಊರಿನ ದೇವರಿಗೇ ಬೇಜಾರಿಲ್ಲ, ನಿಮಗೆಂತ ಬೇಜಾರು?"

ಅಜ್ಜಿಯ ಹುಣಸೆಬೀಜದ ಕಥೆ ಹೇಳಿದೆ. ಮೂವರೂ ನಿಂತು ಕೇಳಿದರು. ಅಷ್ಟರಲ್ಲಿ ಹತ್ತು ನಿಮಿಷವಾಗಿತ್ತು. ಚಂದ್ರು ಫೋನ್ ಜೇಬಿಗಿಟ್ಟು, "ಅಂದ್ರೆ ಹೋದ ತಿಂಗಳು ಲೈಡನ್ ಊರನ್ನ ನಾವು ಸುತ್ತಿ ಗಂಟು ಹಾಕಿಟ್ಟಿದೀವಿ, ಈಗ ಬಿಚ್ಚಬಾರದು" ಎಂದ. ವೀಣಾ, "ಅಕ್ಕಾರ ಹೇಳಿದ ಮ್ಯಾಲ ಮುಗೀತು, ನಡೀರಿ" ಎಂದು ನನ್ನ ಹೆಗಲಿನ ಚೀಲ ಕಿತ್ತುಕೊಂಡು ತಾನು ಹಾಕಿಕೊಂಡಳು. ಪ್ರತಿ ಸಲವೂ ಅರ್ಧ ದಾರಿಯಾದ ಮೇಲೆ ನನ್ನ ಚೀಲ ಅವಳ ಹೆಗಲಿಗೆ ಹೋಗುತ್ತಿತ್ತು. ನಾನು ಬೇಡವೆನ್ನುವುದು, ಅವಳು ಕಿತ್ತುಕೊಳ್ಳುವುದು, ಇದೂ ಒಂದು ಶಾಸ್ತ್ರ. ಮೊದಲು ನನ್ನನ್ನು ರೇಗಿಸಲೆಂದು ಬಲಕ್ಕೆ ತಿರುಗುತ್ತಿದ್ದವರಿಗೆ ಬರಬರುತ್ತಾ ಅದೇ ರೂಢಿಯಾಯಿತು. ಆಫೀಸಿನಲ್ಲಿ ಕಾಫಿ ಯಂತ್ರವನ್ನು ಎಡದಿಂದ ಬಳಸಿ ಹೋಗಲು ತನಗೆ ಕಾಲು ಬರುವುದಿಲ್ಲವೆಂದು ವೀಣಾ ದೂರುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆ. ಸಂತಾನವಿಲ್ಲದವಳು ನಾನು, ಅಜ್ಜಿಯಿಂದ ಬಂದದ್ದನ್ನು ಇನ್ನಾರಿಗೆ ಕೊಡಲಿ?

ನಾಲ್ಕು ವರ್ಷ ಹೀಗೆ ನಡೆಯಿತು. ಗೌಡಾ, ಹಾರ್ಲೆಮ್, ಉಟ್ರೆಕ್ಟ್. ಸೋಮವಾರದಿಂದ ಶುಕ್ರವಾರದವರೆಗೆ ನನ್ನ ಬಾಯಲ್ಲಿ ಕನ್ನಡ ಬರುತ್ತಿದ್ದದ್ದು ಕುಕ್ಕರಿನ ಜೊತೆ ಮಾತ್ರ. "ಸಾಕು ಸುಮ್ಮನಿರು" ಎಂದರೆ ಅದು ಸುಮ್ಮನಾಗುತ್ತಿತ್ತು. ಅಂಗಡಿಯಲ್ಲಿ ಬಿಲ್ಲು ನಾವೇ ಮಾಡಿಕೊಳ್ಳುವ ಯಂತ್ರ ಬಂದ ಮೇಲೆ ಕೆಲವು ದಿನ ಯಾವ ಭಾಷೆಯೂ ಬಾಯಿಂದ ಹೊರಡುತ್ತಿರಲಿಲ್ಲ. ಶನಿವಾರ ರೈಲು ನಿಲ್ದಾಣದಲ್ಲಿ ಮೊದಲ ಮಾತಿಗೆ ಗಂಟಲು ಕಟ್ಟಿ, ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಇದನ್ನು ಅವರಿಗೆ ಹೇಳಿಲ್ಲ. ಹೇಳಿದ್ದರೆ ಪಾಪ, ನಡುವೆ ಫೋನ್ ಮಾಡುತ್ತಿದ್ದರು. ಕರ್ತವ್ಯಕ್ಕೆ ಮಾಡಿದ ಫೋನು ಬರುವುದಕ್ಕಿಂತ ಕುಕ್ಕರ್ ವಾಸಿ.

ನಿಖಿಲ್ ಓದು ಮುಗಿಸಿ ನಾರ್ವೆಗೆ ಹೋದ. ಮೂರು ಜನ ಉಳಿದೆವು. ಕಳೆದ ಡಿಸೆಂಬರಿನಲ್ಲಿ, ಗೌಡಾದ ಒಂದು ಸೇತುವೆಯ ಮೇಲೆ, ವೀಣಾ ತನಗೆ ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದೆ, ಮಾರ್ಚಿನಲ್ಲಿ ಇಬ್ಬರೂ ಹೊರಡುತ್ತೇವೆ ಎಂದಳು.

ನನಗೊಂದು ರೋಗವಿದೆ. ದುಃಖವಾದಾಗ ಕಥೆ ಹೇಳುತ್ತೇನೆ. "ಒಳ್ಳೇದಾಯ್ತು ಬಿಡು" ಎಂದವಳೇ ಚಿಕ್ಕಜ್ಜಿ ಮಡಿಯಲ್ಲಿದ್ದುಕೊಂಡು ಉಪ್ಪಿನಕಾಯಿ ಕದ್ದು ತಿಂದು ಸಿಕ್ಕಿಬಿದ್ದ ಕಥೆ ತೆಗೆದೆ. ಇಬ್ಬರೂ ನಕ್ಕರು, ಸೇತುವೆ ದಾಟಿದ್ದಾಯಿತು, ಮಾತು ಅಲ್ಲೇ ಉಳಿಯಿತು. ಆಮೇಲೆಯೂ ವೀಣಾ ಎರಡು ಮೂರು ಸಲ, "ಅಕ್ಕಾರ, ನಾವು ಹೋದ ಮ್ಯಾಲ ನೀವು" ಎಂದು ಶುರುಮಾಡಿದಳು. ಪ್ರತಿ ಸಲವೂ ನನ್ನ ಬಳಿ ಕಥೆಯೊಂದು ತಯಾರಿತ್ತು. ನನಗೆ ತಿಳಿಯಬೇಕಾಗಿದ್ದದ್ದು ಒಂದೇ: ಇವರಿಗೆ ನಾನು ಶನಿವಾರದ ಹೊತ್ತು ಕಳೆಯಲು ಸಿಕ್ಕ ಒಬ್ಬ ಹರಟೆಯ ಹೆಂಗಸೋ, ಅದಕ್ಕಿಂತ ಹೆಚ್ಚಿನವಳೋ. ಯಾರನ್ನೂ ಕೇಳುವಂಥ ಪ್ರಶ್ನೆಯಲ್ಲ ಅದು. ಕೇಳಿದರೆ "ಛೇ, ಏನು ಮಾತು" ಎಂಬ ಉತ್ತರ ಬರುತ್ತದೆ. ಆ ಉತ್ತರದಿಂದ ಏನೂ ತಿಳಿಯುವುದಿಲ್ಲ.

ಕೊನೆಯ ನಡಿಗೆಗೆ ಆಮರ್ಸ್‌ಫೋರ್ಟೇ ಆಗಲಿ ಎಂದು ಅವರೇ ಹೇಳಿದರು. ಎಲ್ಲ ಊರು ಸುತ್ತಿ ನನ್ನ ಊರನ್ನೇ ಬಿಟ್ಟಿದ್ದೆವು. ಇಲ್ಲೇ ಇದೆಯಲ್ಲ, ಯಾವಾಗಲಾದರೂ ಆದೀತು ಎಂದು. ಮಾರ್ಚಿನ ಶನಿವಾರ, ಬಿಸಿಲು, ಚಳಿ. ನನ್ನ ಮನೆಯಲ್ಲಿ ಗೊಜ್ಜವಲಕ್ಕಿ ತಿಂದು ಹೊರಡುವಾಗ ಮೂರಾಗಲು ಕಾಲು ಗಂಟೆ ಇತ್ತು. ಅವರು ನಾಲ್ಕೂ ಹತ್ತರ ರೈಲು ಹಿಡಿಯಲೇಬೇಕು. ಆರು ಗಂಟೆಗೆ ರೈಸ್‌ವೈಕಿನಲ್ಲಿ ಮನೆಯ ಯಜಮಾನಿ ಬಂದು, ಗೋಡೆಯ ಮೊಳೆ ತೂತುಗಳನ್ನು ನೋಡಿ, ಬೀಗದ ಕೈ ತೆಗೆದುಕೊಳ್ಳುವವಳಿದ್ದಳು. ಸೋಮವಾರ ವಿಮಾನ. ನಮ್ಮ ಊರಿನ ಸುತ್ತು ಚಿಕ್ಕದು, ಮುಕ್ಕಾಲು ಗಂಟೆಗಿಂತ ಕಡಿಮೆ. ಸಾಕಷ್ಟು ಸಮಯವಿತ್ತು.

ನೀರಿನ ಮೇಲೆ ಕಟ್ಟಿದ ಹಳೆಯ ಕೋಟೆಬಾಗಿಲಿನಿಂದ ಶುರುಮಾಡಿದೆವು. ಚಂದ್ರು ಫೋನಿನಲ್ಲಿ ಓದಿ ಹೇಳಿದ: "ಅಕ್ಕ, ಈ ಗೇಟ್ ಎತ್ತೋಕೆ ಮೇಲೆ ದೊಡ್ಡ ಚಕ್ರ ಇದೆಯಂತೆ. ಅದರೊಳಗೆ ಜನ ನಡೀತಾ ಇದ್ರಂತೆ. ಅವರು ನಡೆದ್ರೆ ಗೇಟ್ ಏಳುತ್ತೆ."

"ನಮ್ಮಂಗ" ಎಂದಳು ವೀಣಾ. "ದಿನಾ ನಡಿಯೂದು, ಎಲ್ಲಿಗೂ ಹೋಗೂದಿಲ್ಲ." ಹೇಳಿದ ಮೇಲೆ ತಾವು ಹೋಗುತ್ತಿರುವುದು ನೆನಪಾಗಿ ನೀರಿನ ಕಡೆ ತಿರುಗಿದಳು. ನಾನು ತಕ್ಷಣ ಒಂದು ಕಥೆ ಹೇಳಿದೆ. ಯಾವುದೆಂದು ಈಗ ನೆನಪಿಲ್ಲ. ಅದು ಮುಗಿಯುವ ಮೊದಲೇ ಚೀಲ ಅವಳ ಹೆಗಲಿಗೆ ಹೋಗಿತ್ತು. ಫೋನು, ಮನೆಯ ಬೀಗದ ಕೈ, ಎಲ್ಲ ಅದರೊಳಗೆ.

ಊರಿನ ಆಚೆ ಬದಿಯಲ್ಲಿ ಒಂದು ಸಣ್ಣ ಸೇತುವೆ. ಅಲ್ಲಿ ಒಂದು ಕೊಕ್ಕರೆ ನಿಂತಿತ್ತು. ಈಗ ನಿಮಗೊಬ್ಬರಿಗೆ ಹೇಳುತ್ತೇನೆ: ನಾನು ಕೊಕ್ಕರೆ ನೋಡಲಿಲ್ಲ. ಮುಂದೆ ಹೋಗುತ್ತಿದ್ದ ಇಬ್ಬರ ಬೆನ್ನನ್ನು ನೋಡಿದೆ. ಒಂದು ಬೆನ್ನಿನ ಮೇಲೆ ನನ್ನ ಚೀಲ. ಮುಂದಿನ ಶನಿವಾರ ಈ ಎರಡು ಬೆನ್ನು ಇಲ್ಲಿರುವುದಿಲ್ಲ ಎಂದುಕೊಂಡೆ, ಅಷ್ಟಕ್ಕೇ ಕಣ್ಣು ಕೆಟ್ಟುಹೋಯಿತು. ಈ ಮುಖ ಅವರಿಗೆ ಕಾಣಬಾರದೆಂದು ಪಕ್ಕದ ಓಣಿಯೊಳಗೆ ನುಗ್ಗಿದೆ. ಯಾರದೋ ಮನೆಯ ಸೈಕಲ್ಲುಗಳ ನಡುವೆ ನಿಂತು, ಮೂಗು ಒರೆಸಿ, ಎರಡು ಸಲ ನಗುವ ಅಭ್ಯಾಸ ಮಾಡಿ ಹೊರಗೆ ಬರುವಷ್ಟರಲ್ಲಿ ಹತ್ತು ನಿಮಿಷ ಕಳೆದಿರಬೇಕು. ಸೇತುವೆಯ ಮೇಲೆ ಯಾರೂ ಇರಲಿಲ್ಲ.

ಮುಂದೆ ಹೋಗಿರುತ್ತಾರೆ ಎಂದು ಬೇಗ ಬೇಗ ನಡೆದೆ. ದಾರಿಯಲ್ಲಿ ನಮ್ಮ ಊರಿನ ಪ್ರಸಿದ್ಧ ಬಂಡೆ ಸಿಕ್ಕಿತು. ಹಿಂದಿನ ಕಾಲದಲ್ಲಿ ಯಾರೋ ಶ್ರೀಮಂತ ಪಂದ್ಯ ಕಟ್ಟಿ, ಊರಿನ ಜನಕ್ಕೆ ಬಿಯರಿನ ಆಸೆ ತೋರಿಸಿ, ಬಯಲಿನಲ್ಲಿದ್ದ ಆ ಬಂಡೆಯನ್ನು ಊರೊಳಗೆ ಎಳೆಸಿದನಂತೆ. ಎಳೆದು ತಂದ ಮೇಲೆ ಸುತ್ತಲಿನವರೆಲ್ಲ ನಕ್ಕರು. ಊರಿನವರಿಗೆ ನಾಚಿಕೆಯಾಗಿ ಬಂಡೆಯನ್ನು ಹೂತುಬಿಟ್ಟರು. ಎಷ್ಟೋ ಕಾಲದ ನಂತರ ಮತ್ತೆ ಅಗೆದು ತೆಗೆದರು. ಈ ಕಥೆಯನ್ನು ಬಂಡೆಯ ಮುಂದೆಯೇ ನಿಲ್ಲಿಸಿ ಹೇಳಬೇಕೆಂದು ನಾಲ್ಕು ವರ್ಷದಿಂದ ಇವರಿಂದ ಬಚ್ಚಿಟ್ಟಿದ್ದೆ. ಅದರ ಮುಂದೆ ಒಬ್ಬಳೇ ಏದುಸಿರು ಬಿಡುತ್ತಾ ಹಾದುಹೋದೆ.

ಕೋಟೆಬಾಗಿಲಿಗೆ ಬಂದೆ. ಅಲ್ಲೂ ಇಲ್ಲ. ಬುದ್ಧಿಯಿದ್ದವರಾದರೆ ಅಲ್ಲೇ ಕಲ್ಲಿನ ಮೇಲೆ ಕೂತಿರುತ್ತಿದ್ದರು. ಇಲ್ಲವೇ ನಿಲ್ದಾಣಕ್ಕೆ ಹೋಗಿ ಕಾಯುತ್ತಿದ್ದರು. ನನಗೆ ಹೊಳೆದದ್ದು ಇನ್ನೊಂದು ಸುತ್ತು. ಎರಡನೆಯ ಸುತ್ತಿನಲ್ಲಿ, ನಿಜ ಹೇಳಬೇಕೆಂದರೆ, ಅವರು ಹೊರಟುಹೋಗಿದ್ದರೂ ಹೋಗಿರಬಹುದು ಎಂಬ ಯೋಚನೆ ಬಂತು. ಚೀಲವನ್ನು ನನ್ನ ಪಕ್ಕದ ಮನೆಯಲ್ಲಿ ಕೊಟ್ಟು, ಒಂದು ಚೀಟಿ ಬರೆದಿಟ್ಟು. ಕೋಪವೂ ಬರಲಿಲ್ಲ. ಹಾಗೆ ಹೋದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ ಆಯಿತು, ಸುಲಭವಾಯಿತು ಎಂದುಕೊಂಡೆ. ಹಾಗೆಂದುಕೊಂಡ ಮೇಲೆ ಬಲಗಡೆಯ ಕಿಟಕಿಗಳು ಕಾಣತೊಡಗಿದವು. ಒಂದರಲ್ಲಿ ಹುಟ್ಟುಹಬ್ಬದ ಬಣ್ಣದ ಕಾಗದ ಕಟ್ಟುತ್ತಿದ್ದರು.

ಅದೇ ಸಣ್ಣ ಸೇತುವೆಗೆ ಮತ್ತೆ ಬಂದಾಗ ಗೋಪುರದ ಗಂಟೆ ನಾಲ್ಕು ಹೊಡೆಯಿತು. ಕೊಕ್ಕರೆ ಹೋಗಿತ್ತು. ಕಂಬಿ ಹಿಡಿದು ನಿಂತಾಗ ತಲೆಗೆ ಬಂತು. ಅವರು ಹೋಗಿರದೆ ನನ್ನನ್ನೇ ಹುಡುಕುತ್ತಿದ್ದರೆ? ಹುಡುಕುತ್ತಿದ್ದರೆ ಯಾವ ಕಡೆಯಿಂದ ಹುಡುಕುತ್ತಾರೆ? ಬಲಕ್ಕೆ. ಊರನ್ನು ಬಲಕ್ಕಿಟ್ಟುಕೊಂಡು, ಹಿಂದೆ ತಿರುಗದೆ, ಸುತ್ತು ಪೂರ್ತಿ ಮಾಡಿಕೊಂಡು. ನಾಲ್ಕು ವರ್ಷ ನಾನು ಕಲಿಸಿದ್ದು ಅದನ್ನೇ. ಮೂವರೂ ಒಂದೇ ಕಡೆಗೆ ನಡೆಯುತ್ತಿದ್ದೇವೆ, ಒಬ್ಬರ ಹಿಂದೆ ಒಬ್ಬರು, ಕಾಣದಷ್ಟು ದೂರದಲ್ಲಿ. ಹೀಗೆ ಸುತ್ತಿದರೆ ವಿಮಾನ ಹಾರುವವರೆಗೂ ಸುತ್ತಬಹುದು.

ತಿರುಗಬೇಕಾಗಿತ್ತು. ಐವತ್ತಾರರ ಹೆಂಗಸು, ಒಂದು ಸೇತುವೆಯ ಮೇಲೆ, ಬಂದ ದಾರಿಗೆ ಮುಖ ಮಾಡಲು ಎಷ್ಟು ಹೊತ್ತು ತೆಗೆದುಕೊಂಡಳೆಂದು ನಿಮಗೆ ಹೇಳಿದರೆ ನಂಬುವುದಿಲ್ಲ. ಅಜ್ಜಿಯ ಊದಿದ ಕಾಲು ಕಣ್ಣ ಮುಂದೆ ಬಂತು. "ತಪ್ಪಾಯ್ತು" ಎಂದು ಯಾರಿಗೋ ಹೇಳಿ ತಿರುಗಿದೆ. ಊರು ಎಡಕ್ಕೆ ಬಂತು. ಮೊದಲ ಹೆಜ್ಜೆಗಳು ಬೇರೆ ಯಾರದೋ ಬೂಟು ಹಾಕಿಕೊಂಡ ಹಾಗಿದ್ದವು.

ಎದುರಿನಿಂದ ಜನ ಬರುತ್ತಿದ್ದರು. ನಾಯಿ ಹಿಡಿದ ಮುದುಕ, ತಳ್ಳುಗಾಡಿಯ ತಾಯಿ, ಕೈಕೈ ಹಿಡಿದ ಇಬ್ಬರು ಹೆಂಗಸರು. ಈ ದಾರಿಯಲ್ಲಿ ಹನ್ನೊಂದು ವರ್ಷ ನಡೆದವಳು ನಾನು. ಇಷ್ಟು ಮುಖಗಳನ್ನು ಇಷ್ಟು ಆಸೆಯಿಂದ ಒಂದೊಂದಾಗಿ ನೋಡಿದ್ದು ಅದೇ ಮೊದಲು. ಮುದುಕ ಟೋಪಿ ಮುಟ್ಟಿಕೊಂಡ. ನಾನು ಅವನ ಹೆಗಲಾಚೆ ನೋಡುತ್ತಿದ್ದೆ.

ಕೋಟೆಬಾಗಿಲಿನ ಹತ್ತಿರ ದಾರಿ ಬಾಗುತ್ತದೆ. ಆ ತಿರುವಿನಿಂದ ವೀಣಾ ಬಂದಳು. ಚಂದ್ರು ನಾಲ್ಕು ಹೆಜ್ಜೆ ಹಿಂದೆ, ಫೋನು ಜೇಬಿನಲ್ಲಿ. ಅವಳು ಇನ್ನೂ ನನ್ನನ್ನು ನೋಡಿರಲಿಲ್ಲ. ನಾನು ಬರುವ ಕಡೆ ಅದಲ್ಲವಲ್ಲ. ನೀರಿನ ಕಡೆ ನೋಡುತ್ತಿದ್ದಳು, ಕಂಬಿಯ ಮೇಲಿಂದ ಬಗ್ಗಿ ನೀರೊಳಗೆ ನೋಡುತ್ತಿದ್ದಳು. ಎರಡೂ ಕೈಯಲ್ಲಿ ನನ್ನ ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ಮುಖ ಕೆಂಪಾಗಿ, ಊದಿ, ಒದ್ದೆಯಾಗಿ, ಬಾಯಿ ಮಕ್ಕಳ ಹಾಗೆ ಸೊಟ್ಟಗಾಗಿತ್ತು. ಯಾರಿಗೂ ತೋರಿಸಲು ಮಾಡಿಕೊಂಡ ಮುಖವಲ್ಲ ಅದು. ನಾಲ್ಕು ವರ್ಷ ಅವಳ ಪಕ್ಕದಲ್ಲಿ ನಡೆದಿದ್ದೆ, ಅವಳು ದೂರದಿಂದ ನನ್ನ ಕಡೆ ಬರುವುದನ್ನು ಹೀಗೆ ನೋಡಿರಲಿಲ್ಲ. ನನಗೆ ತಿಳಿಯಬೇಕಾಗಿದ್ದದ್ದು ತಿಳಿಯಿತು. ತಿಳಿದ ಮೇಲೆ ಅಲ್ಲೇ ನಿಂತೆ.

"ಎಲ್ಲಿ ಹೋಗಿದ್ರಿ?" ಎಂದು ಕೂಗಿದಳು ಕಂಡ ತಕ್ಷಣ.

"ಕೊಕ್ಕರೆ ನೋಡ್ತಿದ್ದೆ."

"ತಾಸಿನ ಮ್ಯಾಲ ಆತು. ತಾಸಿನ ಮ್ಯಾಲ ಕೊಕ್ಕರಿ ನೋಡಿದ್ರಿ?"

"ಅಕ್ಕ, ನಿಮಗೆ ಫೋನ್ ಮಾಡಿದ್ವಿ" ಎಂದ ಚಂದ್ರು ಏದುಸಿರಿನಲ್ಲಿ. "ಇವಳ ಹೆಗಲ ಮೇಲೇ ರಿಂಗ್ ಆಯ್ತು. ನಿಮ್ಮೂರಲ್ವಾ, ಯಾವುದೋ ಓಣಿ ಹಿಡಿದು ಮುಂದೆ ಹೋಗಿರ್ತೀರ ಅಂದ್ಕೊಂಡ್ವಿ. ಕೋಟೆ ಹತ್ರ ಇರಲಿಲ್ಲ. ಹಿಂದಕ್ಕೆ ಹೋಗಿ ನೋಡೋಣ ಅಂದೆ, ಇವಳು ಬಿಡಲಿಲ್ಲ. ಅಕ್ಕ ಸತ್ರೂ ಹಿಂದಕ್ಕೆ ತಿರುಗಲ್ಲ, ನಡಿ ಮುಂದಕ್ಕೆ ಅಂದ್ಲು."

ವೀಣಾ ಅಳು ನಿಲ್ಲಿಸಿ ನನ್ನ ಹಿಂದಿನ ದಾರಿ ನೋಡಿದಳು. ಮತ್ತೆ ನನ್ನನ್ನು ನೋಡಿದಳು.

"ನೀವು ಈ ಕಡಿಂದ ಹೆಂಗ ಬಂದ್ರಿ?"

"ತಿರುಗಿ ಬಂದೆ."

"ನೀವು?"

"ಹೂಂ. ಸುತ್ತಿದ್ದೆಲ್ಲ ಬಿಚ್ಚಿಹೋಯ್ತು ಬಿಡು. ಒಂದು ಸಲ ನಮ್ಮ ಚಿಕ್ಕಜ್ಜಿ ಏನು ಮಾಡಿದ್ರು ಗೊತ್ತಾ..."

"ಕಥಿ ಬ್ಯಾಡ್ರಿ ಅಕ್ಕಾರ" ಎಂದಳು. "ಇವತ್ತು ಕಥಿ ಬ್ಯಾಡ."

ಕಥೆ ಇಲ್ಲದೆ ನಾನು ಹೇಗೆ ನಿಲ್ಲಬೇಕೆಂದು ನನಗೆ ಗೊತ್ತಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಚಂದ್ರು ಗಡಿಯಾರ ನೋಡಿ, ನಾಲ್ಕೂ ಹತ್ತರದ್ದು ಹೋಯಿತು, ನಾಲ್ಕೂ ನಲವತ್ತರದ್ದು ಸಿಗುತ್ತದೆ ಎಂದ. ನಿಲ್ದಾಣದವರೆಗೆ ಮೂವರೂ ನಡೆದೆವು. ವೀಣಾ ಚೀಲ ವಾಪಸ್ಸು ಕೊಡಲಿಲ್ಲ, ನಾನು ಕೇಳಲಿಲ್ಲ.

ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ನಾನು ನಡುವೆ, ಅವರಿಬ್ಬರು ಎರಡು ಕಡೆ. ನಾಲ್ಕು ವರ್ಷದಲ್ಲಿ ನಡೆಯದೆ, ಹರಟದೆ, ಮೂವರೂ ಸುಮ್ಮನೆ ಕೂತದ್ದು ಅದೇ ಮೊದಲು. ನಾಲ್ಕೂ ನಲವತ್ತರ ರೈಲು ಬಂತು. ಬಾಗಿಲು ತೆರೆದುಕೊಂಡಿತು. ಚಂದ್ರು ಅರ್ಧ ಎದ್ದು ಹೆಂಡತಿಯ ಮುಖ ನೋಡಿದ.

"ಓನರ್ ಆರು ಗಂಟೆಗೆ ಬರ್ತಾರೆ ಕಣೇ."

"ಬರ್ಲಿ. ಹೊರಗ ನಿಲ್ಲಲಿ."

ರೈಲು ಹೋಯಿತು. ಈ ದೇಶದಲ್ಲಿ ಗೊತ್ತುಮಾಡಿಕೊಂಡ ಸಮಯವನ್ನು ಬದಲಾಯಿಸುವುದೆಂದರೆ ನಿಶ್ಚಿತಾರ್ಥ ಮುರಿದ ಹಾಗೆ. ಚಂದ್ರು ಅತ್ತ ಹೋಗಿ ಆ ಹೆಂಗಸಿಗೆ ಫೋನ್ ಮಾಡಿದ. ಆಕೆ ಬಹಳ ಹೊತ್ತು ಏನೋ ಹೇಳಿದಳು, ಇವನು ಮೂರು ಸಲ ಕ್ಷಮೆ ಕೇಳಿದ, ಬಂದು ಕೂತ.

"ಏನಂದ್ರು?"

"ಬೈದ್ರು. ನಾಳೆ ಬೆಳಿಗ್ಗೆ ಬರ್ತಾರಂತೆ."

ಐದೂ ಹತ್ತರದ್ದು ಬಂದಾಗ ಯಾರೂ ಏಳುವ ನಾಟಕವನ್ನೂ ಮಾಡಲಿಲ್ಲ. ಅದು ಹೋದ ಮೇಲೆ ವೀಣಾ, ಹಳಿಗಳ ಕಡೆ ನೋಡುತ್ತಲೇ, "ಅಲ್ಲಿ ಶನಿವಾರ ನಾ ಏನು ಮಾಡ್ಲಿ?" ಎಂದಳು.

ನನ್ನಲ್ಲಿ ಕಥೆಯೊಂದು ಎದ್ದು ಗಂಟಲಿನವರೆಗೆ ಬಂತು. ತಡೆದೆ.

"ನಂಗೂ ಗೊತ್ತಿಲ್ಲ ಕಣೇ" ಎಂದೆ. "ಇಲ್ಲಿ ನಾನೇನು ಮಾಡ್ಲಿ ಅಂತಾನೂ ಗೊತ್ತಿಲ್ಲ."

ಅವಳು ತಲೆಯಾಡಿಸಿದಳು. ಅದನ್ನು ಕೇಳಲೆಂದೇ ಡಿಸೆಂಬರಿನಿಂದ ಕಾದಿದ್ದಳೆಂದು ಆಗ ಅನ್ನಿಸಿತು. ಚೀಲವನ್ನು ಹೆಗಲಿನಿಂದ ತೆಗೆದು, ಪಟ್ಟಿ ಸರಿಮಾಡಿ, ನನ್ನ ಹೆಗಲಿಗೆ ಹಾಕಿದಳು. ಚಂದ್ರು ಬಗ್ಗಿ ನನ್ನ ಕಾಲು ಮುಟ್ಟಿದ. ಪಕ್ಕದ ಬೆಂಚಿನವರು ಅವನದೇನೋ ಬಿದ್ದಿತೆಂದು ತಾವೂ ಬಗ್ಗಿ ಹುಡುಕಿದರು.

ಐದೂ ನಲವತ್ತರದ್ದಕ್ಕೆ ಅವರು ಹತ್ತಿದರು. ಗಾಜಿನ ಒಳಗಿನಿಂದ ವೀಣಾ ಏನೋ ಹೇಳಿದಳು, ಕೇಳಿಸಲಿಲ್ಲ. ಹೂಂ ಎಂದು ತಲೆಯಾಡಿಸಿದೆ. ಆರೂ ಹತ್ತರ ರೈಲು ಬಂದಾಗ ನಾನು ಅದೇ ಬೆಂಚಿನಲ್ಲಿದ್ದೆ. ನನ್ನ ಎದುರಿಗೇ ಬಾಗಿಲು ತೆರೆದುಕೊಂಡಿತು, ಯಾರೂ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು ಮುಚ್ಚಿಕೊಂಡಿತು.